ಜೇಬು

ಉಡುಪಿನ ಒಳಗೆ ಅಥವಾ ಮೇಲೆ ಹೊಲಿದ, ಒಂದು ಕಡೆ ಬಾಯಿ ತೆರೆದ ಚಿಕ್ಕ ಚೀಲವೇ ಜೇಬು. ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ಇದನ್ನು ಕಿಸೆ ಎನ್ನುತ್ತಾರೆ. ದರ್ಜಿಯ ಅಂಗಡಿ, ಗಾರ್ಮೆಂಟ್ ಕಾರ್ಖಾನೆ, ಶಾಲೆಯ ಅಂಗಳಗಳಲ್ಲಿ ಈಗ ಹೆಚ್ಚಾಗಿ ಕೇಳಿಸುವುದು ಪಾಕೆಟ್. ಮೂರೂ ಹೊರಗಿನಿಂದ ಬಂದ ಮಾತುಗಳು. ಜೇಬಿನ ಮೂಲ ಅರಬ್ಬಿಯ ಜೈಬ್; ಪಾರಸಿ, ಉರ್ದುಗಳನ್ನು ಹಾದು ಕನ್ನಡಕ್ಕೆ ಬಂತು. ಚೀಲ ಎಂಬ ಅರ್ಥದ ಅರಬ್ಬಿಯ ಕೀಸ್ ಪಾರಸಿಯಲ್ಲಿ ಕೀಸಾ, ಮರಾಠಿಯಲ್ಲಿ ಖಿಸಾ, ನಮ್ಮಲ್ಲಿ ಕಿಸೆ ಆಯಿತು. ಪಾಕೆಟ್ ಇಂಗ್ಲಿಷಿಗೆ ಬಂದದ್ದು ನಾರ್ಮನ್ ಫ್ರೆಂಚಿನಿಂದ; ಪೋಕ್ ಎಂದರೆ ಚೀಲ, ಪಾಕೆಟ್ ಅದರ ಮರಿ. ಉಟ್ಟು ಹೊದೆಯುವ ಬಟ್ಟೆಯಲ್ಲಿ ಜೇಬಿಗೆ ಜಾಗವಿರಲಿಲ್ಲ. ಹೊಲಿದ ಅಂಗಿ ಎಲ್ಲಿಂದ ಬಂತೋ ಹೆಸರೂ ಅಲ್ಲಿಂದಲೇ ಬಂತು.

ಜೈಬ್ ಪದ ಗಣಿತದಲ್ಲೂ ಒಂದು ದೂರದ ಪಯಣ ಮಾಡಿದೆ. ಕ್ರಿ.ಶ. 499ರಲ್ಲಿ ಆರ್ಯಭಟೀಯ ರಚಿಸಿದ ಆರ್ಯಭಟನ ಕಾಲದಿಂದ ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ಜ್ಯಾ ಅಥವಾ ಜೀವಾ ಎಂದರೆ ವೃತ್ತದ ಅರ್ಧ ಜ್ಯಾದ ಅಳತೆ. ಅರಬ್ಬಿ ವಿದ್ವಾಂಸರು ಉಚ್ಚಾರಣೆಯನ್ನು ಅನುಸರಿಸಿ ಅದನ್ನು ಜೀಬಾ ಎಂದು ಬರೆದುಕೊಂಡರು. ಅರಬ್ಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಗುರುತಿಸುವ ರೂಢಿ ಕಡಿಮೆ, ಹೀಗಾಗಿ ಮುಂದಿನವರು ಅದನ್ನು ತಮಗೆ ಪರಿಚಿತವಾದ ಜೈಬ್ ಎಂದು ಓದಿದರು. ಆ ಕಾಲಕ್ಕೆ ಜೈಬ್ ಎಂದರೆ ಎದೆಯ ಬಳಿ ಬಟ್ಟೆ ಮಡಿಸಿಕೊಳ್ಳುವ ಜಾಗ. 12ನೇ ಶತಮಾನದ ಲ್ಯಾಟಿನ್ ಅನುವಾದಕರು ಅದೇ ಅರ್ಥದ ಸೈನಸ್ ಪದವನ್ನು ಹಾಕಿದರು. ಶಾಲೆಯ ತ್ರಿಕೋನಮಿತಿಯಲ್ಲಿ ಮಕ್ಕಳು ಬರೆಯುವ ಸೈನ್, ಹಾಗೆ ನೋಡಿದರೆ, ಜೇಬಿನ ಒಡಹುಟ್ಟು.

ಇಂಗ್ಲಿಷಿನಲ್ಲೂ ಇಂಗ್ಲಿಷಿನಿಂದ ನಮ್ಮ ಭಾಷೆಗಳಲ್ಲೂ ಪಾಕೆಟ್ ಎಂಬುದು ರಾಜಕೀಯ, ಯುದ್ಧ, ವಿಮಾನಯಾನ, ಆಟ, ವೈದ್ಯಕೀಯಗಳವರೆಗೆ ಹರಡಿದೆ. ಈ ಬಳಕೆಗಳ ಬುಡದಲ್ಲಿ ವಸ್ತುವಿನ ಎರಡು ಗುಣಗಳಿವೆ: ಅದು ಚಿಕ್ಕದು, ಮತ್ತು ಒಬ್ಬರ ಹಿಡಿತದಲ್ಲಿರುವಂಥದ್ದು. ಎರಡನೆಯದೇ ಹೆಚ್ಚಿನದು. ಯಾರ ಬಟ್ಟೆಗೆ ಜೇಬು ಹೊಲಿಯಲಾಯಿತು, ಯಾರದಕ್ಕೆ ಹೊಲಿಯಲಿಲ್ಲ ಎಂದು ಕೇಳಿದರೆ ಹಣ ಯಾರ ಕೈಯಲ್ಲಿತ್ತು, ಮನೆಯಿಂದ ಹೊರಗೆ ಸ್ವತಂತ್ರವಾಗಿ ಓಡಾಡುತ್ತಿದ್ದವರು ಯಾರು ಎಂಬುದಕ್ಕೂ ಉತ್ತರ ಸಿಗುತ್ತದೆ.

ಜೇಬಿಗೆ ಮೊದಲು

1991ರಲ್ಲಿ ಇಟಲಿ–ಆಸ್ಟ್ರಿಯಾ ಗಡಿಯ ಆಲ್ಪ್ಸ್ ಹಿಮದಲ್ಲಿ ಸುಮಾರು 5,300 ವರ್ಷ ಹಿಂದಿನ ಮನುಷ್ಯನ ದೇಹ ಸಿಕ್ಕಿತು. ಓಟ್ಸಿ ಎಂದು ಹೆಸರಾದ ಅವನ ಸೊಂಟಪಟ್ಟಿಗೆ ಚರ್ಮದ ಚೀಲವೊಂದನ್ನು ಹೊಲಿಯಲಾಗಿತ್ತು. ಒಳಗೆ ಚಕಮಕಿ ಕಲ್ಲಿನ ಸಲಕರಣೆಗಳು, ಮೂಳೆಯ ದಬ್ಬಳ, ಬೆಂಕಿ ಹೊತ್ತಿಸಲು ಬೇಕಾದ ಒಣ ಅಣಬೆ. ಕೈ ಎರಡೂ ಬಿಡುವಾಗಿರಬೇಕು, ಬೇಕಾದದ್ದು ಮೈಗೆ ಅಂಟಿಕೊಂಡಿರಬೇಕು ಎಂಬ ಅಗತ್ಯ ಅಷ್ಟು ಹಳೆಯದು. ಜಪಾನಿನ ಕಿಮೋನೊಗೆ ಜೇಬಿಲ್ಲ. ಗಂಡಸರು ಸೊಂಟದ ಪಟ್ಟಿಗೆ ದಾರದಿಂದ ಪುಟ್ಟ ಪೆಟ್ಟಿಗೆ ತೂಗುಬಿಟ್ಟು, ದಾರ ಜಾರದಂತೆ ನೆಟ್ಸುಕೆ ಎಂಬ ಕೆತ್ತನೆಯ ಗುಂಡಿ ಸಿಕ್ಕಿಸುತ್ತಿದ್ದರು.

ನಮ್ಮಲ್ಲಿ ಆ ಕೆಲಸ ಮಾಡಿದ್ದು ಉಡಿ. ಸೀರೆಯ ಸೆರಗನ್ನೋ ನೆರಿಗೆಯನ್ನೋ ಎತ್ತಿ ಸೊಂಟಕ್ಕೆ ಸಿಕ್ಕಿಸಿದರೆ ಆಗುವ ಜೋಳಿಗೆಯಂಥ ಜಾಗ ಅದು. ಹತ್ತಿ ಬಿಡಿಸುವ, ಕಾಯಿ ಕೀಳುವ ಹೆಂಗಸರು ಇಂದಿಗೂ ಉಡಿ ಕಟ್ಟಿಕೊಂಡೇ ಸಾಲು ಹಿಡಿಯುತ್ತಾರೆ. ಮದುವೆಯಲ್ಲಿ, ಸೀಮಂತದಲ್ಲಿ, ತವರಿನಿಂದ ಹೊರಡುವಾಗ ಉಡಿ ತುಂಬುವ ಶಾಸ್ತ್ರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಕಣ ಬೀಳುವುದು ಇದೇ ಜಾಗಕ್ಕೆ. ಚಿಲ್ಲರೆ ದುಡ್ಡಿಗೆ ಸೆರಗಿನ ತುದಿಯ ಗಂಟು ಇತ್ತು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಹೊಗೆಸೊಪ್ಪು, ಒಂದಿಷ್ಟು ಕಾಸಿಗೆ ಸಂಚಿ. ದಾರ ಎಳೆದರೆ ಬಾಯಿ ಮುಚ್ಚುವ, ಒಳಗೆ ಹಲವು ಮನೆಗಳಿರುವ ಈ ಚೀಲವನ್ನು ಗಂಡಸರೂ ಹೆಂಗಸರೂ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ದೂರದ ಸಂತೆಗೆ ಹೋಗುವವರ ಹೆಗಲ ಮೇಲೆ ಎರಡು ಕಡೆ ಇಳಿಬಿದ್ದ ಹಸಿಬೆ ಚೀಲ ಇರುತ್ತಿತ್ತು. ಪಂಚೆ ಉಡುವವರು ಮುಂದೆ ಒಳಗೊಂದು ಪಟ್ಟೆಪಟ್ಟೆ ಚಡ್ಡಿ ತೊಟ್ಟು, ಅದರ ಆಳವಾದ ಜೇಬಿನಲ್ಲಿ ದುಡ್ಡಿಟ್ಟರು. ಸಂತೆಯಲ್ಲಿ ಎತ್ತಿನ ವ್ಯಾಪಾರ ಕುದುರಿದಾಗ ಪಂಚೆ ಎತ್ತಿ ನೋಟಿನ ಕಂತೆ ತೆಗೆಯುವ ರೈತನನ್ನು ಕಂಡವರು ಹಳೇ ಮೈಸೂರಿನಲ್ಲಿ ಇನ್ನೂ ಇದ್ದಾರೆ.

1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅಂಗಿ ತೊರೆದ ಗಾಂಧೀಜಿಗೂ ಜೇಬಿರಲಿಲ್ಲ. ಸಮಯದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಅವರು ಜೇಬುಗಡಿಯಾರವನ್ನು ಸೊಂಟದ ಬಟ್ಟೆಗೇ ಸಿಕ್ಕಿಸಿಕೊಂಡರು.

ಹೊಲಿದ ಜೇಬು, ಕಟ್ಟಿದ ಜೇಬು

ಮಧ್ಯಯುಗದ ಯುರೋಪಿನಲ್ಲಿ ಹಣದ ಚೀಲ ಸೊಂಟಪಟ್ಟಿಯಿಂದ ಹೊರಗೆ ತೂಗುತ್ತಿತ್ತು. ಕಳ್ಳರು ಚಾಕುವಿನಿಂದ ದಾರ ಕತ್ತರಿಸಿ ಒಯ್ಯುತ್ತಿದ್ದರು. ಚೀಲ ಬಟ್ಟೆಯೊಳಗೆ ಸೇರಿದ ಮೇಲೆ ಕಳ್ಳರೂ ಚಾಕು ಬಿಟ್ಟು ಬೆರಳಿನ ಕೌಶಲ ಕಲಿಯಬೇಕಾಯಿತು. 1565ರ ಇಂಗ್ಲೆಂಡಿನ ಕಾನೂನು ಒಂದು ಶಿಲಿಂಗ್‌ಗಿಂತ ಹೆಚ್ಚು ಬೆಲೆಯದನ್ನು ಜೇಬಿನಿಂದ ಕದ್ದವನಿಗೆ ಮರಣದಂಡನೆ ಎಂದಿತು. ಎರಡು ಶತಮಾನಕ್ಕೂ ಹೆಚ್ಚು ಕಾಲ ಜಾರಿಯಲ್ಲಿದ್ದ ಆ ಕ್ರೌರ್ಯವನ್ನು 1808ರಲ್ಲಿ ಸ್ಯಾಮ್ಯುಯೆಲ್ ರೋಮಿಲಿ ಪಾರ್ಲಿಮೆಂಟಿನಲ್ಲಿ ಹೋರಾಡಿ ತೆಗೆಸಿದ. ಭಾರತದಲ್ಲಿ ಜೇಬುಗಳ್ಳತನ ಬಹುಕಾಲ ಸಾಮಾನ್ಯ ಕಳವಿನ ಕಲಮಿನಡಿ ಬರುತ್ತಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಮು ಗುಂಪು ಕಟ್ಟಿಕೊಂಡು ನಡೆಸುವ ಸಣ್ಣ ಅಪರಾಧಗಳ ಪಟ್ಟಿಯಲ್ಲಿ ಅದನ್ನು ಹೆಸರಿಸಿಯೇ ಸೇರಿಸಿದೆ.

17ನೇ ಶತಮಾನದ ಹೊತ್ತಿಗೆ ಯುರೋಪಿನ ಗಂಡಸರ ಕೋಟು, ಚಲ್ಲಣಗಳಿಗೆ ಜೇಬನ್ನು ಬಟ್ಟೆಯ ಅಂಗವಾಗಿಯೇ ಹೊಲಿಯುವುದು ರೂಢಿಯಾಯಿತು. 1666ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ತನ್ನ ಆಸ್ಥಾನಕ್ಕೆ ತಂದ ವೇಸ್ಟ್‌ಕೋಟಿನ ಜೇಬಿಗೆ ಕತ್ತಿನಲ್ಲಿ ತೂಗುತ್ತಿದ್ದ ಗಡಿಯಾರ ಕ್ರಮೇಣ ಇಳಿಯಿತು. ಹೆಂಗಸರ ಉಡುಪಿಗೆ ಈ ಭಾಗ್ಯ ಬರಲಿಲ್ಲ. ಅವರ ಜೇಬು ಬೇರೆಯದೇ ವಸ್ತು: ಒಂದು ಲಾಡಿಗೆ ಹೊಲಿದ, ಕೆಳಗೆ ಅಗಲವಾಗಿ ಮೇಲೆ ಕಿರಿದಾಗುವ ಒಂದು ಅಥವಾ ಎರಡು ಚೀಲ. ಅದನ್ನು ಲಂಗದೊಳಗೆ ಸೊಂಟಕ್ಕೆ ಕಟ್ಟಿಕೊಂಡು, ಮೇಲುಡುಪಿನ ಪಕ್ಕದ ಸೀಳಿನಿಂದ ಕೈ ತೂರಿಸಬೇಕು. 17ನೇ ಶತಮಾನದ ಕೊನೆಯಿಂದ 19ನೇ ಶತಮಾನದವರೆಗೂ ಇದು ಬಳಕೆಯಲ್ಲಿತ್ತು. ಹುಡುಗಿಯರು ಇದರ ಮೇಲೆ ಕಸೂತಿ ಹಾಕುತ್ತಿದ್ದರು. ಹಳೆಯ ಬಟ್ಟೆಯ ತುಂಡುಗಳಿಂದ ತೇಪೆ ಹಾಕಿದ ಜೇಬುಗಳೂ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ.

ಅದರೊಳಗೆ ಏನಿರುತ್ತಿತ್ತು? ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ಕಡತಗಳಿಂದ ತಿಳಿಯುತ್ತದೆ. ಜೇಬು ಕಳೆದುಕೊಂಡ ಮನೆಗೆಲಸದವಳು, ಬೀದಿಯಲ್ಲಿ ಮಾರಾಟ ಮಾಡುವವಳು ನ್ಯಾಯಾಧೀಶರ ಮುಂದೆ ನಿಂತು ಹೇಳಿದ ಪಟ್ಟಿಗಳಲ್ಲಿ ನಾಣ್ಯ, ಬೀಗದ ಕೈ, ಕತ್ತರಿ, ಬೆರಳುಗವಚ, ನಶ್ಯದ ಡಬ್ಬಿ, ತಿನ್ನಲು ಇಟ್ಟುಕೊಂಡ ತುಂಡು ಎಲ್ಲ ಬರುತ್ತವೆ. ಬಾರ್ಬರಾ ಬರ್ಮನ್ ಮತ್ತು ಆರಿಯಾನ್ ಫೆನೆಟೊ 1660ರಿಂದ 1900ರವರೆಗಿನ ಹೆಂಗಸರ ಜೇಬಿನ ಬಗ್ಗೆ 2019ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನ ಇಂಥ ಸಾಕ್ಷ್ಯಗಳಿಂದಲೇ ಕಟ್ಟಿದ್ದು. ಮದುವೆಯಾದ ಹೆಂಗಸಿನ ಆಸ್ತಿಯೆಲ್ಲ ಗಂಡನದೇ ಎಂದು ಕಾನೂನು ಹೇಳುತ್ತಿದ್ದ ಕಾಲದಲ್ಲಿ, ದಿನದ ಬದುಕಿನ ಮಟ್ಟಿಗೆ ಅವಳದೆಂದು ಉಳಿದಿದ್ದ ಅತಿ ಚಿಕ್ಕ ಜಾಗ ಅದು. ಅರಮನೆಗಳ ಚರಿತ್ರೆಯಲ್ಲಿ ಸಿಗದ ಸತ್ಯಗಳು ಈ ಚೀಲಗಳಲ್ಲಿ ಸಿಕ್ಕಿವೆ.

18ನೇ ಶತಮಾನದ ಕೊನೆಗೆ ಮೈಗೆ ಅಂಟುವ ತೆಳು ಗೌನುಗಳ ಕಾಲ ಬಂತು. ಒಳಗೆ ಕಟ್ಟಿದ ಜೇಬು ಉಬ್ಬಿ ಕಾಣುವುದೆಂದು ಹೆಂಗಸರ ಕೈಗೆ ರೆಟಿಕ್ಯೂಲ್ ಎಂಬ ಪುಟ್ಟ ಚೀಲ ಬಂತು. ಇಂದಿನ ಹ್ಯಾಂಡ್‌ಬ್ಯಾಗಿನ ಪೂರ್ವಜ ಅದೇ. ನಷ್ಟವಾದದ್ದು ಬರೀ ಜಾಗವಲ್ಲ, ಒಂದು ಕೈಯೂ ಹೋಯಿತು. 1881ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರ‍್ಯಾಷನಲ್ ಡ್ರೆಸ್ ಸೊಸೈಟಿ ಹೆಂಗಸರಿಗೆ ಓಡಾಡಲು ಅನುಕೂಲವಾದ ಉಡುಪು ಬೇಕೆಂದು ವಾದಿಸಿತು. ಅಮೆರಿಕದ ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1914ರಲ್ಲಿ ಬರೆದ ಕತೆಯಲ್ಲಿ ಗಂಡಸಾಗಿ ಬದಲಾದ ಹೆಂಗಸೊಬ್ಬಳು ಜೇಬುಗಳನ್ನು ಕಂಡು ಬೆರಗಾಗುತ್ತಾಳೆ. ಅದೇ ಕಾಲದಲ್ಲಿ ಆಲಿಸ್ ಡ್ಯೂರ್ ಮಿಲ್ಲರ್, ಹೆಂಗಸರಿಗೆ ಮತ ಬೇಡ ಎನ್ನುವವರ ತರ್ಕವನ್ನೇ ಎರವಲು ಪಡೆದು ಹೆಂಗಸರಿಗೆ ಜೇಬು ಏಕೆ ಬೇಡ ಎಂಬ ವಿಡಂಬನೆ ಬರೆದಳು. ಮತದ ಹಕ್ಕು ಬಂತು. ಜೇಬು ಪೂರ್ತಿ ಬರಲಿಲ್ಲ. 2018ರಲ್ಲಿ ಅಮೆರಿಕದ ದಿ ಪುಡಿಂಗ್ ಪತ್ರಿಕೆ ಪ್ರಸಿದ್ಧ ಬ್ರಾಂಡುಗಳ ಜೀನ್ಸ್‌ಗಳನ್ನು ಅಳೆದು ನೋಡಿದಾಗ, ಹೆಂಗಸರ ಪ್ಯಾಂಟಿನ ಮುಂದಿನ ಜೇಬು ಗಂಡಸರದಕ್ಕಿಂತ ಸರಾಸರಿ ಶೇ. 48ರಷ್ಟು ಗಿಡ್ಡ, ಶೇ. 6.5ರಷ್ಟು ಕಿರಿದು ಎಂದು ಕಂಡಿತು.

ನಮ್ಮ ಊರುಗಳಲ್ಲೂ ಇದೇ ಅನ್ಯಾಯವಿದೆ. ಅಜ್ಜಿಯರು ಒಳಲಂಗಕ್ಕೆ ತಾವೇ ಜೇಬು ಹೊಲಿದುಕೊಂಡರು. ಕುಪ್ಪಸದೊಳಗೆ ಪುಟ್ಟ ಪರ್ಸು ಸಿಕ್ಕಿಸುವುದಂತೂ ಎಲ್ಲ ಬಸ್ಸುಗಳಲ್ಲೂ ಕಾಣುವ ನೋಟ. ಎಷ್ಟೋ ಶಾಲೆಗಳಲ್ಲಿ ಹುಡುಗರ ಸಮವಸ್ತ್ರಕ್ಕೆ ಮೂರು ನಾಲ್ಕು ಜೇಬುಗಳಿದ್ದರೆ ಹುಡುಗಿಯರ ಚೂಡಿದಾರಕ್ಕೆ ಒಂದೂ ಇರುವುದಿಲ್ಲ. ಪೆನ್ನು, ಬಸ್ ಪಾಸು, ಕರವಸ್ತ್ರ ಇಬ್ಬರಿಗೂ ಬೇಕು. ಒಂದು ಗೇಣು ಬಟ್ಟೆಯಲ್ಲಿ ಮುಗಿಯುವ ಈ ಕೆಲಸವನ್ನು ಶಾಲೆಗಳು ಇನ್ನೂ ಮುಂದೂಡುವುದಕ್ಕೆ ಕಾರಣವೇ ಇಲ್ಲ.

ತಾಮ್ರದ ಮೊಳೆಗಳು

ಜೇಬಿನ ದುರ್ಬಲ ಜಾಗ ಅದರ ಬಾಯಿಯ ಎರಡು ಮೂಲೆಗಳು. ಕೈ ಹೋಗಿ ಬಂದಾಗಲೆಲ್ಲ ಎಳೆತ ಬೀಳುವುದು ಅಲ್ಲಿಗೇ. ನೆವಾಡಾದ ರೀನೊ ಪಟ್ಟಣದ ದರ್ಜಿ ಜೇಕಬ್ ಡೇವಿಸ್, ಕೂಲಿಕಾರರ ಪ್ಯಾಂಟಿನ ಜೇಬು ಹರಿಯುವುದನ್ನು ತಡೆಯಲು ಕುದುರೆ ಹೊದಿಕೆಗೆ ಬಳಸುತ್ತಿದ್ದ ತಾಮ್ರದ ರಿವೆಟ್‌ಗಳನ್ನು ಆ ಮೂಲೆಗಳಿಗೆ ಹೊಡೆದ. ಬಟ್ಟೆ ಒದಗಿಸುತ್ತಿದ್ದ ಲೆವಿ ಸ್ಟ್ರೌಸ್ ಜೊತೆ ಸೇರಿ 1873ರ ಮೇ 20ರಂದು ಪೇಟೆಂಟ್ ಪಡೆದ, ಸಂಖ್ಯೆ 139,121. ಜಗತ್ತು ಜೀನ್ಸ್ ಎಂದು ಕರೆಯುವ ಉಡುಪಿನ ಜನ್ಮಪತ್ರದಂತಿರುವ ಆ ದಾಖಲೆಯ ಶೀರ್ಷಿಕೆಯಲ್ಲಿ ಪ್ಯಾಂಟಿನ ಹೆಸರಿಲ್ಲ, ಇರುವುದು ಜೇಬಿನ ಬಾಯಿಯನ್ನು ಬಿಗಿಗೊಳಿಸುವ ಸುಧಾರಣೆಯ ಮಾತು. ಬಲಗಡೆಯ ಜೇಬಿನೊಳಗಿನ ಪುಟ್ಟ ಜೇಬು ಗಡಿಯಾರಕ್ಕೆಂದು ಇಟ್ಟದ್ದು. ಹಿಂದೆ ಎರಡನೇ ಜೇಬು ಸೇರಿದ್ದು 1901ರಲ್ಲಿ.

ಕರ್ನಾಟಕಕ್ಕೂ ಈ ಕತೆಗೂ ನೇರ ನಂಟಿದೆ. ಬಳ್ಳಾರಿಯ ಓಣಿಗಳಲ್ಲಿ ಜೀನ್ಸ್ ಕತ್ತರಿಸುವ, ಹೊಲಿಯುವ, ತೊಳೆಯುವ ಸಣ್ಣ ಘಟಕಗಳು ನೂರಾರು. ಬೆಂಗಳೂರು, ಮಂಡ್ಯ, ರಾಮನಗರ ಕಡೆಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಕೆಲಸವನ್ನು ಸಣ್ಣ ಸಣ್ಣ ಭಾಗಗಳಾಗಿ ಹಂಚಿರುತ್ತಾರೆ. ಒಬ್ಬಾಕೆ ಇಡೀ ದಿನ ಕಾಲರ್, ಇನ್ನೊಬ್ಬಾಕೆ ಇಡೀ ದಿನ ಪಾಕೆಟ್ ಅಟ್ಯಾಚ್. ಗುರುತು ಹಾಕಿದ ಜಾಗಕ್ಕೆ ಜೇಬಿನ ತುಂಡನ್ನು ಒಂದು ಎಳೆಯೂ ಆಚೀಚೆಯಾಗದಂತೆ ಕೂರಿಸಿ ಹೊಲಿಯುವುದು ನುರಿತ ಕೈಯ ಕೆಲಸ. ವಿದೇಶದ ಅಂಗಡಿಗಳಲ್ಲಿ ಮಾರಾಟವಾಗುವ ಎಷ್ಟೋ ಅಂಗಿಗಳ ಜೇಬು ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಕನ್ನಡದ ಹೆಣ್ಣುಮಕ್ಕಳು ಹೊಲಿದದ್ದು.

ಜೇಬಿಗೆ ಅಳವಟ್ಟ ವಸ್ತುಗಳು

ಜೇಬು ರೂಢಿಯಾದ ಮೇಲೆ ವಸ್ತುಗಳೇ ಅದರ ಅಳತೆಗೆ ಕುಗ್ಗಿದವು. ಪುಸ್ತಕದ ಕತೆ ಇನ್ನೂ ಹಿಂದಿನದು. ವೆನಿಸ್ಸಿನ ಆಲ್ಡಸ್ ಮನೂಷಿಯಸ್ 1501ರಲ್ಲಿ ವರ್ಜಿಲನ ಕಾವ್ಯವನ್ನು ಕೈಯಲ್ಲಿ ಹಿಡಿದು ಓಡಾಡುವ ಗಾತ್ರದಲ್ಲಿ ಅಚ್ಚು ಹಾಕಿದ. 1935ರಲ್ಲಿ ಆರು ಪೆನ್ಸಿನ ಪೆಂಗ್ವಿನ್, 1939ರಲ್ಲಿ ಅಮೆರಿಕದ 25 ಸೆಂಟಿನ ಪಾಕೆಟ್ ಬುಕ್ಸ್, 1958ರಲ್ಲಿ ದೆಹಲಿಯ ಹಿಂದ್ ಪಾಕೆಟ್ ಬುಕ್ಸ್ ಬಂದವು. ಕನ್ನಡದಲ್ಲಿ ಎಲ್.ಎಸ್. ಶೇಷಗಿರಿರಾವ್ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ತಂದ ಭಾರತ–ಭಾರತಿ ಮಾಲೆಯ ಐನೂರಕ್ಕೂ ಹೆಚ್ಚು ಕಿರುಪುಸ್ತಕಗಳು ಅಂಗಿಯ ಜೇಬಿನಲ್ಲಿ ಕೂರುವಂಥವು. ಒಂದು ತಲೆಮಾರಿನ ಮಕ್ಕಳ ಓದು ಅವುಗಳಿಂದ ಶುರುವಾಯಿತು.

ಸೋನಿ ಕಂಪನಿ 1957ರಲ್ಲಿ ಜೇಬಿನ ರೇಡಿಯೊ ತಂದಾಗ ಅದು ಸಾಮಾನ್ಯ ಅಂಗಿಯ ಜೇಬಿಗಿಂತ ತುಸು ದೊಡ್ಡದಾಗಿತ್ತು. ಮಾರಾಟಗಾರರಿಗೆ ದೊಡ್ಡ ಜೇಬಿನ ಅಂಗಿ ಹೊಲಿಸಿಕೊಟ್ಟೆವೆಂದು ಕಂಪನಿಯ ಸ್ಥಾಪಕರಲ್ಲೊಬ್ಬರಾದ ಅಕಿಯೊ ಮೊರಿಟಾ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಸತ್ತವರ ಬಗ್ಗೆಯೂ ಜೇಬು ಮಾತಾಡುತ್ತದೆ. 1865ರ ಏಪ್ರಿಲ್ 14ರ ರಾತ್ರಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಲಿಂಕನ್ನರ ಜೇಬುಗಳಲ್ಲಿ ಎರಡು ಕನ್ನಡಕ, ಒಂದು ಚಾಕು, ಕರವಸ್ತ್ರ, ಕೈಚೀಲದಲ್ಲಿ ಅಂತರ್ಯುದ್ಧದ ಎದುರಾಳಿ ದಕ್ಷಿಣ ಒಕ್ಕೂಟದ ಐದು ಡಾಲರ್ ನೋಟು, ಪತ್ರಿಕೆಯ ತುಣುಕುಗಳು ಇದ್ದವು. ಈಗ ಅವು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಾಗ ಹಿಮಗನ್ನಡಕ ಜೇಬಿನಲ್ಲಿತ್ತು. ಬಿಸಿಲಿದ್ದಾಗ ಕಣ್ಣಿನಿಂದ ತೆಗೆಯಬಾರದ ಕನ್ನಡಕ ಜೇಬಿನಲ್ಲಿದೆಯೆಂದರೆ ಅವನು ಕತ್ತಲಲ್ಲಿ ಇಳಿಯುತ್ತಿದ್ದನೇ ಎಂದು ಪರ್ವತಾರೋಹಿಗಳು ಇಂದಿಗೂ ಚರ್ಚಿಸುತ್ತಾರೆ. ಅವನ ತಂಡ ಒಯ್ದಿತ್ತೆನ್ನುವ ಕೊಡಾಕ್ ವೆಸ್ಟ್ ಪಾಕೆಟ್ ಕ್ಯಾಮೆರಾ ಮಾತ್ರ ಆಗ ಸಿಗಲಿಲ್ಲ. ಜೀವ ಉಳಿಸಿದ ಜೇಬೂ ಇದೆ: 1912ರ ಅಕ್ಟೋಬರ್ 14ರಂದು ಮಿಲ್ವಾಕಿಯಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಎದೆಗೆ ಹೊಡೆದ ಗುಂಡು ಎದೆಜೇಬಿನಲ್ಲಿ ಮಡಿಸಿಟ್ಟ ಭಾಷಣದ ಹಾಳೆಗಳನ್ನೂ ಕನ್ನಡಕದ ಲೋಹದ ಡಬ್ಬಿಯನ್ನೂ ದಾಟಿ ಬರುವಷ್ಟರಲ್ಲಿ ವೇಗ ಕಳೆದುಕೊಂಡಿತ್ತು.

ಹಿಡಿತ ಎಂಬ ಅರ್ಥ

ರಾಜಕೀಯದ ಮಾತಿನಲ್ಲಿ ಜೇಬು ಎಂದರೆ ಅಧಿಕಾರ. ಇಂಗ್ಲೆಂಡಿನಲ್ಲಿ ಒಬ್ಬ ಜಮೀನುದಾರನ ಮುಷ್ಟಿಯಲ್ಲಿದ್ದ ಕ್ಷೇತ್ರವನ್ನು ಪಾಕೆಟ್ ಬರೋ ಎನ್ನುತ್ತಿದ್ದರು. ಮತ ಹಾಕುವುದು ಎಲ್ಲರೆದುರು, ಬಾಯಿಬಿಟ್ಟು. ಗುಪ್ತ ಮತದಾನ ಬಂದದ್ದು 1872ರಲ್ಲಿ. ಒಕ್ಕಲುಗಳು ಧಣಿಯ ಇಷ್ಟಕ್ಕೆ ವಿರುದ್ಧ ಹೋಗುವಂತಿರಲಿಲ್ಲ. ಸಾಲಿಸ್‌ಬರಿ ಬಳಿಯ ಓಲ್ಡ್ ಸೇರಮ್ ಜನ ಬಿಟ್ಟುಹೋದ ಹಾಳು ದಿಬ್ಬ, ಆದರೂ ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸುತ್ತಿತ್ತು. ಅದನ್ನು ಕೊಂಡವನು ಭಾರತದ ವ್ಯಾಪಾರದಲ್ಲಿ ಸಂಪತ್ತು ಗಳಿಸಿದ ಥಾಮಸ್ ಪಿಟ್. 1698ರಿಂದ 1709ರವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದವನು, ಗೋಲ್ಕೊಂಡದ ಪ್ರಸಿದ್ಧ ವಜ್ರವೊಂದನ್ನು ಕೊಂಡು ಫ್ರಾನ್ಸಿಗೆ ಮಾರಿದವನು. ಅವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಪಾರ್ಲಿಮೆಂಟಿಗೆ ಕಾಲಿಟ್ಟದ್ದು ಓಲ್ಡ್ ಸೇರಮ್‌ನಿಂದಲೇ. ಭಾರತದ ಹಣ ಬ್ರಿಟನ್ನಿನ ಸಂಸತ್ತಿನ ಕುರ್ಚಿಯಾದ ಬಗೆ ಇದು. 1832ರ ಸುಧಾರಣಾ ಕಾಯ್ದೆ ಇಂಥ 56 ಕ್ಷೇತ್ರಗಳನ್ನು ಅಳಿಸಿತು.

ಪಾಕೆಟ್ ವೀಟೊ ಎಂಬುದು ಮಸೂದೆಗೆ ಸಹಿಯನ್ನೂ ಹಾಕದೆ, ತಿರಸ್ಕರಿಸಿಯೂ ಕಳಿಸದೆ ಸುಮ್ಮನೆ ಇಟ್ಟುಕೊಳ್ಳುವುದು. ಅಮೆರಿಕದಲ್ಲಿ ಅಧ್ಯಕ್ಷರಿಗೆ ಭಾನುವಾರ ಬಿಟ್ಟು ಹತ್ತು ದಿನದ ಗಡುವಿದೆ. ಅಷ್ಟರೊಳಗೆ ಕಾಂಗ್ರೆಸ್ ಅಧಿವೇಶನ ಮುಗಿದುಹೋದರೆ ಸಹಿಯಿಲ್ಲದ ಮಸೂದೆ ಸಾಯುತ್ತದೆ. 1812ರಲ್ಲಿ ಜೇಮ್ಸ್ ಮ್ಯಾಡಿಸನ್ ಇದನ್ನು ಮೊದಲು ಬಳಸಿದರು. ನಮ್ಮ ಸಂವಿಧಾನದ 111ನೇ ವಿಧಿಯಲ್ಲಿ ರಾಷ್ಟ್ರಪತಿಗೆ ಗಡುವೇ ಇಲ್ಲ. 1986ರಲ್ಲಿ ಸಂಸತ್ತು ಒಪ್ಪಿದ ಅಂಚೆ ತಿದ್ದುಪಡಿ ಮಸೂದೆ ಖಾಸಗಿ ಪತ್ರಗಳನ್ನು ತಡೆದು ತೆರೆಯುವ ವಿಶಾಲ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತಿತ್ತು. ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ತಮ್ಮ ಅವಧಿ ಮುಗಿಯುವವರೆಗೂ ಇಟ್ಟುಕೊಂಡರು. ಮಸೂದೆ ಕಾಯ್ದೆಯಾಗಲೇ ಇಲ್ಲ. ಅಲ್ಲಿ ನಾಗರಿಕರಿಗೆ ಒಳಿತಾಯಿತು. ಆದರೆ ಅದೇ ದಾರಿಯನ್ನು ರಾಜ್ಯಪಾಲರು ಹಿಡಿದು, ಚುನಾಯಿತ ಶಾಸನಸಭೆಯ ಮಸೂದೆಗಳನ್ನು ವರ್ಷಗಟ್ಟಲೆ ಇಟ್ಟುಕೊಂಡಾಗ ಪ್ರಜಾಪ್ರಭುತ್ವಕ್ಕೆ ಪೆಟ್ಟು ಬೀಳುತ್ತದೆ. 2023ರ ನವೆಂಬರಿನಲ್ಲಿ ಪಂಜಾಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರಾಜ್ಯಪಾಲರು ಮಸೂದೆಯನ್ನು ಅನಿರ್ದಿಷ್ಟ ಕಾಲ ತಡೆದಿಡುವಂತಿಲ್ಲ ಎಂದು ಹೇಳಿತು.

ಸುತ್ತುವರಿದ ಜಾಗ

ಯುದ್ಧದಲ್ಲಿ ಶತ್ರು ಸುತ್ತುಗಟ್ಟಿದ ಸೇನೆ ಇರುವ ಜಾಗ ಪಾಕೆಟ್. 1945ರ ಏಪ್ರಿಲಿನಲ್ಲಿ ಜರ್ಮನಿಯ ರೂರ್ ಪಾಕೆಟ್‌ನಲ್ಲಿ ಸಿಕ್ಕಿಬಿದ್ದು ಸೆರೆಯಾದ ಸೈನಿಕರು ಮೂರು ಲಕ್ಷಕ್ಕೂ ಹೆಚ್ಚು. ಪಾಕೆಟ್ ಯುದ್ಧನೌಕೆ ಎಂಬುದಾದರೋ ಗಾತ್ರದ ಮಾತು: ವರ್ಸೈ ಒಪ್ಪಂದ ಜರ್ಮನಿಗೆ 10,000 ಟನ್ನಿನ ಮಿತಿ ಹಾಕಿದ್ದರಿಂದ, ಚಿಕ್ಕ ಒಡಲಿಗೆ 28 ಸೆಂ.ಮೀ. ವ್ಯಾಸದ ಆರು ಫಿರಂಗಿ ಕೂರಿಸಿ ಕಟ್ಟಿದ ಹಡಗುಗಳಿಗೆ ಬ್ರಿಟಿಷ್ ಪತ್ರಿಕೆಗಳು ಇಟ್ಟ ಹೆಸರು. ಅವುಗಳಲ್ಲಿ ಒಂದಾದ ಗ್ರಾಫ್ ಸ್ಪೇಯನ್ನು 1939ರ ಡಿಸೆಂಬರ್ 17ರಂದು ಅದರ ನಾವಿಕರೇ ಮಾಂಟೆವಿಡಿಯೊ ಬಳಿ ಮುಳುಗಿಸಿದರು.

ವಿಮಾನ ಥಟ್ಟನೆ ಕುಸಿದಾಗ ಏರ್ ಪಾಕೆಟ್ ಎನ್ನುತ್ತೇವೆ. ಗಾಳಿಯಿಲ್ಲದ ಗುಂಡಿ ಆಕಾಶದಲ್ಲಿ ಎಲ್ಲೂ ಇಲ್ಲ. ಕೆಳಮುಖವಾಗಿ ಹರಿಯುವ ಗಾಳಿಯ ಪ್ರವಾಹಕ್ಕೆ ಸಿಕ್ಕಾಗ ಹಾಗಾಗುತ್ತದೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳಲ್ಲಿ ಸೆಕ್ಟರಿನೊಳಗಿನ ಮನೆಗಳ ಗುಂಪಿಗೆ ಪಾಕೆಟ್ ಎಂದೇ ಹೆಸರು. ರೋಹಿಣಿ, ಮಯೂರ್ ವಿಹಾರಗಳ ಅಂಚೆ ವಿಳಾಸ ಅದಿಲ್ಲದೆ ಪೂರ್ಣವಾಗದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯಾಚೆ ಉಳಿದ ಕಾಸರಗೋಡು, ತಾಳವಾಡಿ, ಮಡಕಶಿರಾ, ಅಕ್ಕಲಕೋಟೆ, ಜತ್ತಗಳನ್ನು ಪತ್ರಿಕೆಗಳು ಕನ್ನಡದ ಪಾಕೆಟ್‌ಗಳು ಎನ್ನುತ್ತವೆ. ಅಲ್ಲಿನ ಕನ್ನಡ ಶಾಲೆಗಳ ಮಕ್ಕಳಿಗೆ ಇದು ಭೂಪಟದ ಮಾತಲ್ಲ. ಪಠ್ಯಪುಸ್ತಕ ಬರುವುದು, ಕನ್ನಡ ಬಲ್ಲ ಮೇಷ್ಟರು ಬರುವುದು ಇದರ ಮೇಲೆ ನಿಂತಿದೆ.

ಆಟದ ಪಾಕೆಟ್ ಎಲ್ಲರಿಗೂ ಗೊತ್ತು. ಕೇರಂ ಹಲಗೆಗೆ ನಾಲ್ಕು, ಸ್ನೂಕರ್ ಮೇಜಿಗೆ ಆರು. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೈನ್ಯಾಧಿಕಾರಿಗಳ ನಡುವೆ. ನಿಯಮಗಳು ರೂಪುಗೊಂಡದ್ದು ನಮ್ಮ ಗಡಿಯಾಚೆಯ ಊಟಿಯ ಕ್ಲಬ್ಬಿನಲ್ಲಿ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ರೈತರಿಗೆ ಪಾಕೆಟ್ ಎಂದರೆ ಬಿಯರಿಗೆ ಬಳಸುವ ಹಾಪ್ಸ್ ತುಂಬಿದ ಉದ್ದನೆಯ ಗೋಣಿ, ಸುಮಾರು 168 ಪೌಂಡ್ ತೂಕದ್ದು. ದಂತವೈದ್ಯರಿಗೆ ಅದು ಹಲ್ಲಿಗೂ ವಸಡಿಗೂ ನಡುವಿನ ಸಂದು ಆಳವಾದದ್ದು, 3 ಮಿ.ಮೀ. ಒಳಗಿದ್ದರೆ ಆರೋಗ್ಯ, 4 ದಾಟಿದರೆ ರೋಗದ ಸೂಚನೆ. ಔಷಧ ವಿಜ್ಞಾನಿಗಳಿಗೆ ಪ್ರೋಟೀನ್ ಅಣುವಿನ ಮೇಲಿನ ತಗ್ಗು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮ್ಯಾಟಿನಿಬ್ ಅಂಥ ಒಂದು ತಗ್ಗಿನಲ್ಲಿ ಕೂತು ಒಂದು ಬಗೆಯ ರಕ್ತದ ಕ್ಯಾನ್ಸರನ್ನು ತಡೆಯುತ್ತದೆ.

ಹಣ

ಕನ್ನಡದ ಮಾತಿನಲ್ಲಿ ಜೇಬು ಎಂದರೆ ಬಹುತೇಕ ದುಡ್ಡೇ. ಬೆಲೆ ಏರಿದರೆ ಜೇಬಿಗೆ ಕತ್ತರಿ, ಲಂಚ ತಿಂದವನು ಜೇಬು ತುಂಬಿಸಿಕೊಂಡ, ತಿಂಗಳ ಕೊನೆಗೆ ಕಿಸೆ ಖಾಲಿ. ಅಧಿಕಾರಿಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ ಎಂಬಲ್ಲಿ ಹಿಡಿತದ ಅರ್ಥವೂ ಬರುತ್ತದೆ. ಉಡಿಯ ಇನ್ನೊಂದು ಹೆಸರಾದ ಮಡಿಲಿನ ಮಾತುಗಳ ದಾರಿಯೇ ಬೇರೆ. ಮಡಿಲಿಗೆ ಹಾಕುವುದೆಂದರೆ ನಂಬಿಕೆಯಿಂದ ಒಬ್ಬರ ಆಶ್ರಯಕ್ಕೆ ಒಪ್ಪಿಸುವುದು, ಜೇಬಿಗೆ ಹಾಕುವುದೆಂದರೆ ತನ್ನದು ಮಾಡಿಕೊಳ್ಳುವುದು.

ಆರೋಗ್ಯ ಅರ್ಥಶಾಸ್ತ್ರದಲ್ಲಿ ಜೇಬು ಲೆಕ್ಕದ ಪದವೇ ಆಗಿದೆ. ಸರ್ಕಾರ, ವಿಮೆ ಭರಿಸದೆ ರೋಗಿಯ ಮನೆಯವರು ನೇರವಾಗಿ ತೆರುವ ಹಣವನ್ನು ಜೇಬಿನ ವೆಚ್ಚ ಎನ್ನುತ್ತಾರೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013–14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಇದರ ಪಾಲು ಶೇ. 64.2 ಇತ್ತು, 2021–22ರಲ್ಲಿ ಶೇ. 39.4ಕ್ಕೆ ಇಳಿಯಿತು. ಇಳಿಕೆ ದೊಡ್ಡದೇ. ಆದರೂ ಇದು ಸರಾಸರಿ. ಆಸ್ಪತ್ರೆಗೆ ಸೇರಿದರೆ ವಿಮೆಯ ಕಾರ್ಡು ನೆರವಿಗೆ ಬರುತ್ತದೆ. ಮಧುಮೇಹಕ್ಕೂ ರಕ್ತದೊತ್ತಡಕ್ಕೂ ತಿಂಗಳು ತಿಂಗಳು ಕೊಳ್ಳುವ ಮಾತ್ರೆಗೆ, ಹೊರರೋಗಿಯಾಗಿ ಮಾಡಿಸುವ ತಪಾಸಣೆಗೆ ಹೆಚ್ಚಿನವರು ಈಗಲೂ ತಮ್ಮ ಕಿಸೆಗೇ ಕೈ ಹಾಕುತ್ತಾರೆ.